ಮಿಸ್ಸಿಂಗ್ ಹೊಡೆಯುವ ಗಾಡಿಗೆ ಮೊದಲ ಪ್ರಶ್ನೆ: ಯಾವಾಗ?

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ವಾಹನ ಪುಟವನ್ನು ನಾನು ತಪ್ಪದೆ ಓದುತ್ತೇನೆ. ಹೊಸ ಗಾಡಿಗಳ ಫೋಟೊ ಬರುತ್ತದೆ, ಒಳಗಿನ ಪರದೆ ಎಷ್ಟು ದೊಡ್ಡದು ಅಂತ ಬರುತ್ತದೆ, ಸನ್‌ರೂಫ್ ಇದೆಯಾ ಇಲ್ಲವಾ ಅಂತಲೂ ಬರುತ್ತದೆ. ಇಪ್ಪತ್ತು ವರ್ಷ ಓಡಿದ ಗಾಡಿ ಇಟ್ಟುಕೊಂಡವರ ಪಾಡು ಮಾತ್ರ ಆ ಪುಟಕ್ಕೆ ಬರುವುದೇ ಇಲ್ಲ. ಹಾಗಾಗಿ ನನ್ನದೇ ಒಂದು ಅನುಭವ ಬರೆದು ಕಳಿಸುತ್ತಿದ್ದೇನೆ. ಪತ್ರ ಸ್ವಲ್ಪ ಉದ್ದವಾಗಿದೆ. ಕತ್ತರಿ ಹಾಕಲೇಬೇಕು ಅಂದರೆ ನನ್ನ ಗೊಣಗಾಟಕ್ಕೆ ಹಾಕಿ, ಟ್ಯಾಪೆಟ್ (ಇಂಜಿನ್ ಒಳಗಿನ ಒಂದು ಸಣ್ಣ ಸಂದಿ) ವಿಷಯಕ್ಕೆ ಹಾಕಬೇಡಿ.

ನನ್ನದು 24 ವರ್ಷದ ಪೆಟ್ರೋಲ್ ಕಾರು. ನಾಲ್ಕು ಸಿಲಿಂಡರ್. ಪೆಟ್ರೋಲ್ ಕೊಡುವುದಕ್ಕೆ ಇಂಜೆಕ್ಟರ್ ಇದೆ, ಕಿಡಿ ಹಂಚುವುದಕ್ಕೆ ಮಾತ್ರ ಹಳೇ ಕಾಲದ ಡಿಸ್ಟ್ರಿಬ್ಯೂಟರ್. ಅತ್ತ ಪೂರ್ತಿ ಹಳೆಯದೂ ಅಲ್ಲ, ಇತ್ತ ಹೊಸದೂ ಅಲ್ಲ, ನನ್ನ ಹಾಗೆಯೇ. ಕಳೆದ ವರ್ಷ ಇದಕ್ಕೆ ಮಿಸ್ಸಿಂಗ್ ಶುರುವಾಯಿತು. ನಿಂತಲ್ಲೇ ಇಂಜಿನ್ ನಡುಗುತ್ತದೆ, ಸೈಲೆನ್ಸರ್‌ನಿಂದ ಒಂದೇ ಸಮ ಬರಬೇಕಾದ ಸದ್ದು ನಡುನಡುವೆ ತಪ್ಪುತ್ತದೆ, ಒಳಗಿನ ಕನ್ನಡಿ ಎಷ್ಟು ಅದುರುತ್ತದೆ ಅಂದರೆ ಹಿಂದಿನ ಗಾಡಿಯ ನಂಬರ್ ಓದಲು ಆಗುವುದಿಲ್ಲ. ಗೇರ್ ಹಾಕಿ ಹೊರಟರೆ ಏನೂ ಆಗಿಲ್ಲದ ಹಾಗೆ ಓಡುತ್ತದೆ.

ಗ್ಯಾರೇಜಿಗೆ ಕೊಟ್ಟೆ. ಯಾವ ಗ್ಯಾರೇಜು ಅಂತ ಹೇಳುವುದಿಲ್ಲ, ಅದು ಮುಖ್ಯವೂ ಅಲ್ಲ. ಮೊದಲ ಸಲ ಪ್ಲಗ್ ಬದಲಾಯಿಸಿದರು, ಪ್ಲಗ್ ವೈರ್ ಬದಲಾಯಿಸಿದರು. ಎರಡು ದಿನ ಸರಿಯಿದೆ ಅನ್ನಿಸಿತು, ಅದು ಬರೀ ನನ್ನ ಆಸೆ. ಎರಡನೇ ಸಲ ಕಿಡಿಗೆ ವೋಲ್ಟೇಜ್ ಕೊಡುವ ಕಾಯಿಲ್ ಬದಲಾಯಿತು, ಪೆಟ್ರೋಲ್ ಫಿಲ್ಟರ್ ಬದಲಾಯಿತು. ಮೂರನೇ ಸಲ ಇಂಜೆಕ್ಟರ್ ಬಿಚ್ಚಿ ತೊಳೆದರು. ನಾಲ್ಕನೇ ಸಲ ಹೋದಾಗ ಬೆಳಿಗ್ಗೆ ಬೆಳಿಗ್ಗೆಯೇ ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ) ನೋಡಿ, ಇಂಜಿನ್ ಚೆನ್ನಾಗಿದೆ ಸಾರ್, ಬಹುಶಃ ಇಂಜಿನ್ನಿನ ಕಂಪ್ಯೂಟರ್ ಹೋಗಿದೆ ಅಂದರು. ಅದನ್ನೂ ಬದಲಾಯಿಸಿ ಸರಿಹೋಗದಿದ್ದರೆ ಅಂತ ಕೇಳಿದೆ. ಇಷ್ಟು ಹಳೇ ಗಾಡಿ ಯಾಕೆ ಸಾರ್ ಇಟ್ಟುಕೊಂಡಿದ್ದೀರಿ ಅಂದರು.

ನಾನು ಮೆಕ್ಯಾನಿಕ್ ಅಲ್ಲ, ಇಡೀ ಕೆಲಸದ ಜೀವನ ಲೆಕ್ಕ ಬರೆದವನು. ನಮ್ಮಲ್ಲಿ ವರ್ಷದ ಕೊನೆಗೆ ಲೆಕ್ಕ ತಾಳೆ ಆಗದಿದ್ದರೆ ಪುಸ್ತಕದ ಎಲ್ಲ ಹಾಳೆ ಹರಿದು ಹೊಸದಾಗಿ ಬರೆಯುವುದಿಲ್ಲ. ಯಾವ ತಿಂಗಳಿಂದ ತಪ್ಪಿದೆ, ಯಾವ ಖಾತೆಯಲ್ಲಿ ತಪ್ಪಿದೆ, ಎಷ್ಟು ತಪ್ಪಿದೆ ಅಂತ ನೋಡುತ್ತಾ ಬಂದರೆ ಕೊನೆಗೆ ಒಂದು ಸಾಲಿನ ಮೇಲೆ ಬೆರಳು ನಿಲ್ಲುತ್ತದೆ. ಗಾಡಿಯ ವಿಷಯದಲ್ಲಿ ಮಾತ್ರ ನಾನು ಬುದ್ಧಿಯನ್ನು ಮನೆಯಲ್ಲಿ ಬಿಟ್ಟು ಕೀ ಮಾತ್ರ ತೆಗೆದುಕೊಂಡು ಹೋಗಿದ್ದೆ.

ನನ್ನ ಕಣ್ಣು ತೆರೆಸಿದ್ದು ನನ್ನ ಹೆಂಡತಿ. "ರೀ, ಮನೆಯಿಂದ ಹೊರಡುವಾಗ ಇದು ನಡುಗುವುದೇ ಇಲ್ಲ ಅಲ್ವಾ? ಅರ್ಧ ದಾರಿ ಆದ ಮೇಲೆ ಎಲ್ಲಾದರೂ ನಿಲ್ಲಿಸಿದರೆ ಮಾತ್ರ ನಡುಗುತ್ತೆ" ಅಂದಳು. ಪಕ್ಕದ ಸೀಟಿನಲ್ಲಿ ಕುಳಿತು ನೀರಿನ ಬಾಟಲಿ ನೋಡುತ್ತಿದ್ದಳಂತೆ. ಬಾಟಲಿಯ ನೀರಿನಲ್ಲಿ ಮೊದಲು ಅಲೆ ಇಲ್ಲ, ಆಮೇಲೆ ಅಲೆ. ನಾಲ್ಕು ಸಲ ಗ್ಯಾರೇಜಿಗೆ ಹೋಗಿ ಬಂದವನು ನಾನು, ಒಬ್ಬರೂ ಈ ಪ್ರಶ್ನೆ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಮಿಸ್ಸಿಂಗ್ ಇದೆ ನೋಡಿ ಅಂತ ಹೇಳಿ ಬಂದಿದ್ದೆ, ಅಷ್ಟೇ.

ಅವತ್ತಿನಿಂದ ಹತ್ತು ದಿನ ಒಂದು ನೋಟ್‌ಬುಕ್ಕಿನಲ್ಲಿ ಬರೆದೆವು. ಇಂಜಿನ್ ತಣ್ಣಗಿತ್ತಾ ಬಿಸಿಯಾಗಿತ್ತಾ, ನಿಂತಿತ್ತಾ ಓಡುತ್ತಿತ್ತಾ, ಏರು ಹತ್ತುತ್ತಿತ್ತಾ, ಮಳೆ ಇತ್ತಾ. ಹತ್ತು ದಿನಕ್ಕೆ ಚಿತ್ರ ಸ್ಪಷ್ಟವಾಯಿತು. ಇಂಜಿನ್ ಪೂರ್ತಿ ಬಿಸಿಯಾಗಬೇಕು, ಗಾಡಿ ನಿಂತಿರಬೇಕು, ಆಗ ಮಾತ್ರ ಮಿಸ್ಸಿಂಗ್. ಸ್ವಲ್ಪ ರೇಸ್ ಕೊಟ್ಟರೆ ಮಾಯ. ಮಳೆಗೂ ಅದಕ್ಕೂ ಸಂಬಂಧವಿಲ್ಲ. ಏರು ಹತ್ತುವಾಗ ಪಿಕಪ್ ಚೆನ್ನಾಗಿದೆ.

ಇಷ್ಟರಿಂದ ಏನು ಗೊತ್ತಾಗುತ್ತದೆ ಅಂತ ನೀವು ಕೇಳಬಹುದು. ಬಹಳ ಗೊತ್ತಾಗುತ್ತದೆ, ಆದರೆ ಅದಕ್ಕೆ ಮೊದಲು ಮಿಸ್ಸಿಂಗ್ ಅಂದರೇನು ಅಂತ ಎರಡು ಮಾತು. ಸಿಲಿಂಡರ್ ಒಳಗೆ ಗಾಳಿ ಮತ್ತು ಪೆಟ್ರೋಲ್ ಸರಿಯಾದ ಅಳತೆಯಲ್ಲಿ ಹೋಗಬೇಕು, ಪಿಸ್ಟನ್ ಅದನ್ನು ಗಟ್ಟಿಯಾಗಿ ಒತ್ತಬೇಕು, ಒತ್ತಿದ್ದು ಎಲ್ಲಿಂದಲೂ ಸೋರಬಾರದು, ಸರಿಯಾದ ಹೊತ್ತಿಗೆ ಕಿಡಿ ಹಾರಬೇಕು. ಇದರಲ್ಲಿ ಒಂದು ತಪ್ಪಿದರೂ ಆ ಸಲ ಉರಿ ಹೊತ್ತುವುದಿಲ್ಲ, ಅಥವಾ ಅರೆಬರೆ ಹೊತ್ತುತ್ತದೆ. ಐಡ್ಲಿಂಗ್‌ನಲ್ಲಿ, ಅಂದರೆ ಗಾಡಿ ನಿಂತು ಇಂಜಿನ್ ಮಾತ್ರ ಚಾಲೂ ಇರುವಾಗ, ಇಂಜಿನ್ ನಿಮಿಷಕ್ಕೆ 800 ಸುತ್ತು ತಿರುಗುತ್ತದೆ ಅಂದುಕೊಳ್ಳಿ. ಎರಡು ಸುತ್ತಿಗೆ ಒಂದು ಸಲದಂತೆ ಪ್ರತಿ ಸಿಲಿಂಡರ್ ನಿಮಿಷಕ್ಕೆ 400 ಸಲ ಉರಿಯಬೇಕು, ನಾಲ್ಕೂ ಸೇರಿ 1600. ಒಂದು ಸಿಲಿಂಡರ್ ಕೈಕೊಟ್ಟರೆ ನಾಲ್ಕು ಹೆಜ್ಜೆಯಲ್ಲಿ ಒಂದು ಹೆಜ್ಜೆ ಕುಂಟಿದ ಹಾಗೆ. ನಿಧಾನ ನಡೆಯುವಾಗ ಕುಂಟು ಎದ್ದು ಕಾಣುತ್ತದೆ. ಜೋರು ಓಡುವಾಗ ಅದೇ ಕುಂಟು ಸದ್ದಿನಲ್ಲಿ ಮುಚ್ಚಿಹೋಗುತ್ತದೆ.

ಈಗ "ಯಾವಾಗ" ಅನ್ನುವುದಕ್ಕೆ ಬರೋಣ. ಏರಿನಲ್ಲಿ, ಅಥವಾ ಜೋರಾಗಿ ಆಕ್ಸಿಲರೇಟರ್ ಒತ್ತಿದಾಗ ಮಾತ್ರ ತಪ್ಪುತ್ತದೆ ಅಂದರೆ ಮೊದಲ ಅನುಮಾನ ಕಿಡಿಯ ಮೇಲೆ. ಆಗ ಸಿಲಿಂಡರ್ ತುಂಬಾ ಗಾಳಿ ಇರುತ್ತದೆ, ಒತ್ತಡ ಜಾಸ್ತಿ, ಅಷ್ಟು ಒತ್ತಡದ ನಡುವೆ ಪ್ಲಗ್ಗಿನ ಸಂದಿಯನ್ನು ಕಿಡಿ ದಾಟಬೇಕಾದರೆ ವೋಲ್ಟೇಜ್ ಜಾಸ್ತಿ ಬೇಕು. ಕಾಯಿಲ್ ಬಡವಾಗಿದ್ದರೆ, ಪ್ಲಗ್ ಸವೆದು ಸಂದಿ ದೊಡ್ಡದಾಗಿದ್ದರೆ, ವೈರಿನ ರಬ್ಬರ್ ಒಡೆದಿದ್ದರೆ, ಕಿಡಿ ಸುಲಭದ ದಾರಿ ಹಿಡಿದು ಪಕ್ಕದ ಕಬ್ಬಿಣಕ್ಕೆ ಹಾರುತ್ತದೆ. ಪೆಟ್ರೋಲ್ ಪಂಪ್ ಸೋತಿದ್ದರೂ, ಫಿಲ್ಟರ್ ಕಟ್ಟಿದ್ದರೂ ಏರಿನಲ್ಲೇ ಗೊತ್ತಾಗುತ್ತದೆ, ಆದರೆ ಅದು ಹೆಚ್ಚಾಗಿ ಉಸಿರುಗಟ್ಟಿದ ಹಾಗೆ ಸೊರಗುತ್ತದೆ, ಟಪ್ ಟಪ್ ಅಂತ ಹೊಡೆಯುವುದು ಕಡಿಮೆ.

ಮಳೆ ದಿನ ಅಥವಾ ಮಂಜಿನ ಬೆಳಿಗ್ಗೆ ಮಾತ್ರ ಬಂದರೆ ವೈರ್, ಡಿಸ್ಟ್ರಿಬ್ಯೂಟರ್ ಮುಚ್ಚಳ. ಮುಚ್ಚಳದ ಒಳಗೆ ಪೆನ್ಸಿಲ್ಲಿನಲ್ಲಿ ಗೀಚಿದ ಹಾಗೆ ಕಪ್ಪು ಗೆರೆ ಕಂಡರೆ ಅದು ಕಿಡಿ ಓಡಾಡಿದ ದಾರಿ, ಒರೆಸಿದರೆ ಹೋಗುವುದಿಲ್ಲ, ಮುಚ್ಚಳವೇ ಹೋಗಬೇಕು. ಇದಕ್ಕೊಂದು ಚೆಂದದ ಪರೀಕ್ಷೆ ಇದೆ. ರಾತ್ರಿ ದೀಪ ಆರಿಸಿ, ಬಾನೆಟ್ ಎತ್ತಿ, ಇಂಜಿನ್ ಚಾಲೂ ಇಟ್ಟು, ವೈರುಗಳ ಮೇಲೆ ಸಣ್ಣ ಹನಿಯಾಗಿ ನೀರು ಸಿಂಪಡಿಸಿ ದೂರ ನಿಂತು ನೋಡಿ. ಸೋರುವ ವೈರ್ ಇದ್ದರೆ ಮಿಂಚುಹುಳದ ಹಾಗೆ ನೀಲಿ ಬೆಳಕು ಮಿನುಗುತ್ತದೆ. ಕೈ ಹಾಕಬೇಡಿ, ಅಲ್ಲಿ 20,000 ವೋಲ್ಟಿಗೂ ಜಾಸ್ತಿ ಓಡುತ್ತಿರುತ್ತದೆ.

ಬೆಳಿಗ್ಗೆ ಚಾಲೂ ಮಾಡಿದ ಮೊದಲ ಒಂದೆರಡು ನಿಮಿಷ ಮಾತ್ರ ಒಂದು ಸಿಲಿಂಡರ್ ತಪ್ಪಿ, ಸೈಲೆನ್ಸರ್‌ನಿಂದ ಬಿಳಿ ಹೊಗೆ ಬಂದು, ಆಮೇಲೆ ಸರಿಯಾದರೆ ಹುಷಾರಾಗಿರಿ. ರಾತ್ರಿಯಿಡೀ ಹೆಡ್ ಗ್ಯಾಸ್ಕೆಟ್ (ಸಿಲಿಂಡರ್‌ಗಳಿಗೂ ಅವುಗಳ ಮೇಲೆ ಕೂರುವ ಹೆಡ್ಡಿಗೂ ನಡುವಿನ ಪದರ) ಮೂಲಕ ರೇಡಿಯೇಟರ್ ನೀರು ಹನಿಹನಿಯಾಗಿ ಆ ಸಿಲಿಂಡರಿಗೆ ಇಳಿದಿರಬಹುದು. ಕಾರಣ ಕಾಣದೆ ನೀರು ಕಡಿಮೆಯಾಗುತ್ತಾ ಬಂದರಂತೂ ಅನುಮಾನ ಇನ್ನೂ ಗಟ್ಟಿ.

ಐಡ್ಲಿಂಗ್‌ನಲ್ಲಿ ಮಾತ್ರ ತಪ್ಪಿ ರೇಸ್ ಕೊಟ್ಟರೆ ಸರಿಯಾದರೆ ಎಲ್ಲರೂ ಮೊದಲು ನೋಡಬೇಕಾದ್ದು ಕಳ್ಳಗಾಳಿ. ಇಂಜಿನ್ನಿಗೆ ಹೋಗುವ ಗಾಳಿಯ ದಾರಿಯಲ್ಲಿ ಎಲ್ಲೋ ಒಂದು ರಬ್ಬರ್ ಪೈಪ್ ಸೀಳಿರುತ್ತದೆ, ಅಲ್ಲಿಂದ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ನುಗ್ಗುತ್ತದೆ. ನಿಂತಾಗ ಇಂಜಿನ್ ಎಳೆದುಕೊಳ್ಳುವ ಗಾಳಿಯೇ ಸ್ವಲ್ಪ, ಅದಕ್ಕೆ ಇನ್ನೊಂದು ಚೂರು ಸೇರಿದರೂ ಮಿಶ್ರಣ ತೆಳುವಾಗಿ ಉರಿ ಹೊತ್ತುವುದಿಲ್ಲ. ಓಡುವಾಗ ಬೇಕಾದಷ್ಟು ಗಾಳಿ ಹೋಗುತ್ತಿರುತ್ತದೆ, ಆ ಚೂರು ಲೆಕ್ಕಕ್ಕೇ ಬರುವುದಿಲ್ಲ. ಹಳೇ ಗಾಡಿಯಲ್ಲಿ ರಬ್ಬರ್ ಬಿಸಿಲಿಗಿಟ್ಟ ಚಪ್ಪಲಿಯ ಹಾಗೆ ಆಗಿರುತ್ತದೆ, ಬಗ್ಗಿಸಿದರೆ ಬಿರುಕು ಕಾಣುತ್ತದೆ. ಬ್ರೇಕ್ ಬೂಸ್ಟರಿಗೆ ಹೋಗುವ ದಪ್ಪ ಪೈಪನ್ನು ಮರೆಯಬೇಡಿ. ಕೆಲವರು ಕಾರ್ಬ್ಯುರೇಟರ್ ಕ್ಲೀನರ್ ಸಿಂಪಡಿಸಿ ಹುಡುಕುತ್ತಾರೆ, ಬಿಸಿ ಇಂಜಿನ್ ಮೇಲೆ ಅದು ಬೆಂಕಿಯ ಜೊತೆ ಆಟ. ಹೊಗೆ ಬಿಟ್ಟು ನೋಡುವ ಯಂತ್ರ ಇರುವ ಕಡೆ ಮಾಡಿಸುವುದೇ ಒಳ್ಳೆಯದು. ನಾನು ನನ್ನ ಗಾಡಿಯ ಎಲ್ಲ ಪೈಪೂ ಬಗ್ಗಿಸಿ ನೋಡಿದೆ, ಕಿವಿಗೊಟ್ಟು ಕೇಳಿದೆ, ಒಂದೂ ಸೋರುತ್ತಿರಲಿಲ್ಲ. ಅದೂ ಅಲ್ಲದೆ ಕಳ್ಳಗಾಳಿ ಇದ್ದಿದ್ದರೆ ತಣ್ಣಗಿರುವಾಗಲೂ ಕಾಡುತ್ತಿತ್ತು, ಹೆಚ್ಚಾಗಿ ತಣ್ಣಗಿರುವಾಗಲೇ ಜಾಸ್ತಿ ಕಾಡುತ್ತದೆ. ನನ್ನದು ತದ್ವಿರುದ್ಧ.

ಇಲ್ಲಿಂದ ಮುಂದೆ "ಯಾವುದು" ಅನ್ನುವ ಪ್ರಶ್ನೆ. ನಾಲ್ಕರಲ್ಲಿ ಯಾವ ಸಿಲಿಂಡರ್? ಅಥವಾ ನಾಲ್ಕೂ ಸರದಿಯಂತೆ ತಪ್ಪುತ್ತಿವೆಯಾ? ಗಾಡಿಯನ್ನು ಅರ್ಧ ಗಂಟೆ ಓಡಿಸಿ, ಬಿಸಿ ಮಾಡಿ ತಂದು, ಅದು ನಡುಗಲು ಶುರುಮಾಡಿದ ಮೇಲೆ ಒಂದೊಂದೇ ಇಂಜೆಕ್ಟರಿನ ವೈರ್ ಕನೆಕ್ಟರ್ ಬಿಡಿಸಿ ನೋಡಿದೆ. ಒಂದನೆಯದು ಬಿಡಿಸಿದೆ, ಇಂಜಿನ್ ಇನ್ನೂ ಜಾಸ್ತಿ ನಡುಗಿತು. ಹಾಕಿದೆ. ಎರಡನೆಯದು, ಹಾಗೇ. ಮೂರನೆಯದು ಬಿಡಿಸಿದೆ, ಏನೂ ಆಗಲಿಲ್ಲ. ಕೆಲಸವೇ ಮಾಡದವನನ್ನು ಮನೆಗೆ ಕಳಿಸಿದರೆ ಆಫೀಸಿಗೆ ಏನು ವ್ಯತ್ಯಾಸ? ನಾಲ್ಕನೆಯದು ಬಿಡಿಸಿದಾಗ ಮತ್ತೆ ನಡುಕ. ಅಲ್ಲಿಗೆ ಮೂರನೆಯವನು ಸಿಕ್ಕಿಬಿದ್ದ. ಮಾರನೇ ಬೆಳಿಗ್ಗೆ ತಣ್ಣಗಿರುವಾಗ ಇದನ್ನೇ ಮಾಡಿದೆ, ಆಗ ಮೂರನೆಯದನ್ನು ಬಿಡಿಸಿದರೂ ಇಂಜಿನ್ ನಡುಗಿತು. ಅಂದರೆ ಬೆಳಿಗ್ಗೆ ಅವನು ಸರಿಯಾಗಿಯೇ ದುಡಿಯುತ್ತಿದ್ದಾನೆ, ಬಿಸಿಯಾದ ಮೇಲೆ ಕೈ ಚೆಲ್ಲುತ್ತಿದ್ದಾನೆ.

ಒಂದು ಎಚ್ಚರಿಕೆ. ಕೆಲವು ಗಾಡಿಗಳಲ್ಲಿ ಕಂಪ್ಯೂಟರ್ ತಕ್ಷಣ ಐಡ್ಲಿಂಗ್ ಸರಿಮಾಡಿಕೊಳ್ಳುತ್ತದೆ, ಹಾಗಾಗಿ ಬಿಡಿಸಿದ ಆ ಕ್ಷಣದಲ್ಲೇ ಗಮನವಿಡಬೇಕು. ಹಿಂದೆ ಪ್ಲಗ್ ವೈರನ್ನೇ ಕಿತ್ತು ನೋಡುತ್ತಿದ್ದರು. ಇಂಜಿನ್ ಓಡುವಾಗ ಹಾಗೆ ಮಾಡಿದರೆ ನಿಮಗೂ ಶಾಕ್, ಕಾಯಿಲ್‌ಗೂ ಪೆಟ್ಟು, ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆ ಹೋಗುತ್ತದೆ. ಇಂಜೆಕ್ಟರ್ ಬಿಡಿಸಿದರೆ ಪೆಟ್ರೋಲೇ ಬರುವುದಿಲ್ಲ, ಆ ತಾಪತ್ರಯವಿಲ್ಲ. ಕಾರ್ಬ್ಯುರೇಟರ್ ಗಾಡಿಯವರಿಗೆ ಇಂಜೆಕ್ಟರ್ ಇಲ್ಲವಲ್ಲ, ಅವರಿಗೆ ಇನ್ನೊಂದು ಹಳೇ ಉಪಾಯ ಇದೆ. ತಣ್ಣಗಿರುವ ಇಂಜಿನ್ ಚಾಲೂ ಮಾಡಿ ಸ್ವಲ್ಪ ಹೊತ್ತಿನಲ್ಲೇ ಎಕ್ಸಾಸ್ಟ್ ಪೈಪುಗಳು ಹೆಡ್ಡಿನಿಂದ ಹೊರಬರುವ ಜಾಗದಲ್ಲಿ ಒಂದೊಂದು ಹನಿ ನೀರು ಹಾಕುವುದು. ಉರಿಯುತ್ತಿರುವ ಸಿಲಿಂಡರಿನ ಪೈಪಿನ ಮೇಲೆ ಹನಿ ಚುಯ್ ಅಂತ ಆರುತ್ತದೆ, ಸತ್ತದ್ದರ ಮೇಲೆ ಸುಮ್ನೆ ಕೂತಿರುತ್ತದೆ. ಈಗ ದೂರದಿಂದಲೇ ಬಿಸಿ ಅಳೆಯುವ ಥರ್ಮಾಮೀಟರ್ ಬಂದಿದೆ, ಅದೇ ಕೆಲಸ.

ಒಂದು ಸಿಲಿಂಡರ್ ಮಾತ್ರ ಅಂತ ಗೊತ್ತಾದ ಕೂಡಲೇ ಲೆಕ್ಕ ಎಷ್ಟು ಸುಲಭವಾಯಿತು ನೋಡಿ. ನನ್ನ ಗಾಡಿಯಲ್ಲಿ ನಾಲ್ಕಕ್ಕೂ ಒಂದೇ ಕಾಯಿಲ್. ಕಾಯಿಲ್ ಕೆಟ್ಟರೆ ನಾಲ್ಕೂ ತಪ್ಪಬೇಕು, ಮೂರನೆಯದು ಮಾತ್ರ ಯಾಕೆ ತಪ್ಪುತ್ತದೆ? ಪೆಟ್ರೋಲ್ ಫಿಲ್ಟರ್ ಒಂದೇ, ಪಂಪ್ ಒಂದೇ. ಅವು ಕೆಟ್ಟರೂ ನಾಲ್ಕಕ್ಕೂ ಉಪವಾಸ. ಹಾಗಾದರೆ ನನ್ನಿಂದ ಕಾಯಿಲ್ ಹಾಕಿಸಿದ್ದು ಯಾಕೆ, ಫಿಲ್ಟರ್ ಹಾಕಿಸಿದ್ದು ಯಾಕೆ? ಎರಡು ನಿಮಿಷ ಕೂತು ಯೋಚಿಸಿದ್ದರೆ ಆ ಎರಡು ಭಾಗ ಪಟ್ಟಿಯಿಂದಲೇ ಬಿಟ್ಟುಹೋಗುತ್ತಿದ್ದವು. ಇದು ಇಂಜಿನಿಯರಿಂಗ್ ಅಲ್ಲ, ಬರೀ ತರ್ಕ. ಪ್ರತಿ ಪ್ಲಗ್ಗಿಗೂ ಬೇರೆ ಬೇರೆ ಕಾಯಿಲ್ ಇರುವ ಗಾಡಿಯಾಗಿದ್ದರೆ ಮಾತು ಬೇರೆ, ಅಲ್ಲಿ ಕಾಯಿಲ್ ಮೇಲೆಯೇ ಮೊದಲ ಅನುಮಾನ.

ಅಲ್ಲೂ ಕೂಡಲೇ ಹೊಸದು ತರಬೇಕಾಗಿಲ್ಲ. ಜಾಗ ಬದಲಿಸಿದರೆ ಸಾಕು. ಮೂರನೆಯದರ ಕಾಯಿಲ್ ಎರಡಕ್ಕೆ, ಎರಡರದ್ದು ಮೂರಕ್ಕೆ. ಮಿಸ್ಸಿಂಗ್ ಎರಡಕ್ಕೆ ಹೋದರೆ ಕಾಯಿಲ್ ಕಳ್ಳ, ಮೂರರಲ್ಲೇ ಉಳಿದರೆ ಕಾಯಿಲ್ ನಿರಪರಾಧಿ. ನಾನು ಪ್ಲಗ್ಗನ್ನು ಹಾಗೆ ಬದಲಿಸಿದೆ, ಆಮೇಲೆ ಉದ್ದ ಸಾಕಾಗುತ್ತದೆ ಅಂತ ವೈರನ್ನೂ ಬದಲಿಸಿದೆ. ಒಂದು ಸಲಕ್ಕೆ ಒಂದೇ ವಸ್ತು, ಇದು ಮುಖ್ಯ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ದೇವರಿಗೇ ಗೊತ್ತು. ಪ್ಲಗ್ ಬಿಚ್ಚುವುದು ಹಾಕುವುದು ಇಂಜಿನ್ ತಣ್ಣಗಾದ ಮೇಲೆಯೇ, ಹಾಕುವಾಗ ಮೊದಲ ಕೆಲವು ಸುತ್ತು ಬರಿಗೈಯಲ್ಲಿ. ಅಲ್ಯೂಮಿನಿಯಂ ಹೆಡ್ಡಿನ ಥ್ರೆಡ್ (ಪ್ಲಗ್ ತಿರುಗಿ ಕೂರುವ ಗೆರೆ) ಕಿತ್ತರೆ ಮಿಸ್ಸಿಂಗೇ ವಾಸಿ ಅನ್ನಿಸುತ್ತದೆ. ಎಲ್ಲ ಮಾಡಿದೆ, ಮೂರನೆಯವನು ಜಾಗ ಬಿಡಲಿಲ್ಲ. ಇಂಜೆಕ್ಟರ್? ಉದ್ದ ಸ್ಕ್ರೂಡ್ರೈವರಿನ ತುದಿ ಇಂಜೆಕ್ಟರಿಗೆ ಇಟ್ಟು ಹಿಡಿಯನ್ನು ಕಿವಿಗೆ ಹಚ್ಚಿ ಕೇಳಿದೆ. ನಾಲ್ಕೂ ಒಂದೇ ಥರ ಟಕ ಟಕ ಅನ್ನುತ್ತಿದ್ದವು.

ಹೊಸ ಗಾಡಿಯವರು ನಗಬಹುದು, ಸ್ಕ್ಯಾನರ್ ಹಾಕಿದರೆ ಆಯಿತಲ್ಲ ಅಂತ. ಹೌದು, ಸ್ಕ್ಯಾನರ್ ಇದ್ದರೆ ಒಳ್ಳೆಯದೇ. ಪಿ0303 ಅಂತ ತೋರಿಸಿದರೆ ಮೂರನೇ ಸಿಲಿಂಡರ್ ಅಂತ ಅರ್ಥ, ಪಿ0300 ಅಂದರೆ ಯಾವುದು ಅಂತ ಗೊತ್ತಿಲ್ಲದೆ ಅಲ್ಲಲ್ಲಿ ತಪ್ಪುತ್ತಿದೆ ಅಂತ. ಆದರೆ ಅದು ಮನೆಯ ವಿಳಾಸ ಹೇಳುತ್ತದೆ, ಕಾಯಿಲೆ ಹೇಳುವುದಿಲ್ಲ. ಕೆಲವು ಸಲ ದಾರಿಯನ್ನೂ ತಪ್ಪಿಸುತ್ತದೆ. ಉರಿಯದೆ ಹೊರಬಂದ ಸಿಲಿಂಡರಿನ ಗಾಳಿಯಲ್ಲಿ ಆಮ್ಲಜನಕ ಹಾಗೇ ಉಳಿದಿರುತ್ತದೆ. ಸೈಲೆನ್ಸರ್ ಕಡೆ ಇರುವ ಆಕ್ಸಿಜನ್ ಸೆನ್ಸರ್ ಅದನ್ನು ಕಂಡು ಪೆಟ್ರೋಲ್ ಕಡಿಮೆಯಾಗಿದೆ ಅಂತ ವರದಿ ಮಾಡುತ್ತದೆ. ಕಂಪ್ಯೂಟರ್ ಪೆಟ್ರೋಲ್ ಇನ್ನೂ ಸುರಿಯುತ್ತದೆ. ಸ್ಕ್ಯಾನರ್‌ನಲ್ಲಿ ಮಿಶ್ರಣ ತೆಳು ಅಂತ ಬರುತ್ತದೆ, ಮೆಕ್ಯಾನಿಕ್ ಸೆನ್ಸರ್ ಬದಲಾಯಿಸುತ್ತಾನೆ. ಆ ಸೆನ್ಸರ್ ಪಾಪ ನಿಜವನ್ನೇ ಹೇಳಿತ್ತು.

ಹಾಗೆಯೇ ಇಂಜಿನ್ ದೀಪ ಮಿಣುಕುತ್ತಿದ್ದರೆ ಓಡಿಸಬೇಡಿ. ಸುಮ್ಮನೆ ಉರಿಯುವುದಕ್ಕೂ ಮಿಣುಕುವುದಕ್ಕೂ ವ್ಯತ್ಯಾಸವಿದೆ. ಮಿಣುಕುತ್ತಿದೆ ಅಂದರೆ ಉರಿಯದ ಪೆಟ್ರೋಲ್ ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತಿದೆ, ಅದು ಒಳಗೇ ಕರಗಿ ಕಟ್ಟಿಕೊಳ್ಳಬಹುದು.

ನನ್ನ ನೋಟ್‌ಬುಕ್ ತೆಗೆದುಕೊಂಡು ಈ ಸಲ ಬೇರೆ ಒಬ್ಬ ಹಿರಿಯ ಮೆಕ್ಯಾನಿಕ್ ಹತ್ತಿರ ಹೋದೆ. ಅವರು ಬಾನೆಟ್ ಎತ್ತುವ ಮೊದಲು ಕನ್ನಡಕ ಹಾಕಿಕೊಂಡು ಎರಡು ಪುಟ ಓದಿದರು. ಅಷ್ಟಕ್ಕೇ ನನಗೆ ಅರ್ಧ ಸಮಾಧಾನ. ಆಮೇಲೆ ಇಂಜಿನ್ ಚಾಲೂ ಇರುವಾಗ ಸೈಲೆನ್ಸರ್ ಬಾಯಿಗೆ ಒಂದು ಕಾಗದದ ಚೂರು ಅಡ್ಡ ಹಿಡಿದರು. ಸರಿಯಿರುವ ಇಂಜಿನ್ ಆದರೆ ಕಾಗದವನ್ನು ಒಂದೇ ಸಮ ಹೊರಕ್ಕೆ ತಳ್ಳುತ್ತದೆ. ನನ್ನ ಗಾಡಿಯಲ್ಲಿ ಅದು ನಡುನಡುವೆ ಪಟ್ ಅಂತ ಒಳಕ್ಕೆ ಎಳೆದುಕೊಳ್ಳುತ್ತಿತ್ತು. "ಎಕ್ಸಾಸ್ಟ್ ವಾಲ್ವ್ ಕೂರ್ತಾ ಇಲ್ಲ. ಕಂಪ್ರೆಷನ್ ಬಿಸಿಯಲ್ಲೇ ನೋಡಿದ್ರಾ?" ಅಂದರು. (ಎಕ್ಸಾಸ್ಟ್ ವಾಲ್ವ್ ಅಂದರೆ ಉರಿದ ಹೊಗೆ ಸಿಲಿಂಡರಿನಿಂದ ಹೊರಹೋಗುವ ಬಾಗಿಲು.) ಇಲ್ಲ, ರಾತ್ರಿ ಗಾಡಿ ಅಲ್ಲೇ ಬಿಟ್ಟಿದ್ದೆ, ಬೆಳಿಗ್ಗೆ ತಣ್ಣಗಿರುವಾಗ ನೋಡಿದರು ಅಂದೆ. ಅವರು ಏನೂ ಹೇಳಲಿಲ್ಲ, ತಲೆ ಮಾತ್ರ ಆಡಿಸಿದರು.

ತಣ್ಣಗಿರುವಾಗ ಬಂದಿದ್ದ ಅಂಕಿ ನನ್ನ ಹತ್ತಿರ ಇತ್ತು: 170, 165, 160, 170 ಪಿಎಸ್‌ಐ (ಒತ್ತಡದ ಅಳತೆ). ಯಾರಾದರೂ ಚೆನ್ನಾಗಿದೆ ಅನ್ನುತ್ತಾರೆ. ಗಾಡಿ ಓಡಿಸಿ ಬಿಸಿ ಮಾಡಿ, ಪೆಟ್ರೋಲ್ ಮತ್ತು ಕಿಡಿ ಎರಡನ್ನೂ ಬಂದ್ ಮಾಡಿ, ನಾಲ್ಕೂ ಪ್ಲಗ್ ತೆಗೆದು, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆದಾಗ ಬಂದದ್ದು 175, 170, 105, 172. ಬಿಸಿ ಇಂಜಿನ್ನಿಂದ ಪ್ಲಗ್ ತೆಗೆಯುವುದು ಅವರ ಕೈಗೆ ಬಿಟ್ಟ ಕೆಲಸ, ನನ್ನ ಕೈಗಲ್ಲ. ಸಿಲಿಂಡರ್‌ಗಳ ನಡುವೆ ಶೇ 10ರಿಂದ 15ರಷ್ಟು ವ್ಯತ್ಯಾಸ ಇದ್ದರೆ ನಡೆಯುತ್ತದೆ. ಇದು 40ರ ಹತ್ತಿರ. ಮುಂದೆ ಮೂರನೇ ಸಿಲಿಂಡರ್ ಒಳಗೆ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿದರು. ಪಿಸ್ಟನ್ ರಿಂಗ್ ಸವೆದಿದ್ದರೆ ಆಯಿಲ್ ಆ ಸಂದಿ ಮುಚ್ಚಿ ಅಂಕಿ ಮೇಲೇರಬೇಕು. 110ಕ್ಕೆ ನಿಂತಿತು. ರಿಂಗ್ ಅಲ್ಲ. ಪಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಕೆಳಗಿಳಿದಿದ್ದರೆ ನಡುವಿನ ಹೆಡ್ ಗ್ಯಾಸ್ಕೆಟ್ ಅನ್ನಬಹುದಿತ್ತು, ಅದೂ ಅಲ್ಲ. ಉಳಿದದ್ದು ವಾಲ್ವ್.

ವಾಲ್ವುಗಳ ಮೇಲಿನ ಮುಚ್ಚಳ ಬಿಚ್ಚಿ, ಇಂಜಿನ್ ತಣ್ಣಗಾದ ಮೇಲೆ ಟ್ಯಾಪೆಟ್, ಅಂದರೆ ವಾಲ್ವಿನ ತುದಿಗೂ ಅದನ್ನು ಒತ್ತಿ ತೆರೆಯುವ ರಾಕರಿಗೂ ನಡುವಿನ ಸಂದಿ, ಅಳೆದರು. ನನ್ನ ಗಾಡಿಯ ಪುಸ್ತಕದ ಪ್ರಕಾರ ತಣ್ಣಗಿರುವಾಗ ಎಕ್ಸಾಸ್ಟ್ ಕಡೆ 0.25 ಮಿಲಿಮೀಟರ್ ಸಂದಿ ಇರಬೇಕು. ಮೂರನೆಯದರಲ್ಲಿ 0.05 ಮಿಲಿಮೀಟರ್ ದಪ್ಪದ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿ) ಕೂಡ ಹೋಗಲಿಲ್ಲ. ಕೂದಲೆಳೆ ತೂರುವಷ್ಟೂ ಜಾಗವಿರಲಿಲ್ಲ.

ಆ ಸಂದಿ ಯಾಕೆ ಬೇಕು ಅಂದರೆ, ಎಕ್ಸಾಸ್ಟ್ ವಾಲ್ವ್ ಕೆಂಡದಂಥ ಗಾಳಿಯ ದಾರಿಯಲ್ಲಿ ನಿಂತಿರುತ್ತದೆ, ಬಿಸಿಯಾದ ಕೂಡಲೇ ಉದ್ದವಾಗುತ್ತದೆ. ಉದ್ದವಾಗಲು ಜಾಗ ಇಲ್ಲದಿದ್ದರೆ ಮೇಲಿನ ರಾಕರ್ ಅದನ್ನು ಒತ್ತಿ ಹಿಡಿದುಬಿಡುತ್ತದೆ, ವಾಲ್ವ್ ತನ್ನ ಸೀಟಿನ ಮೇಲೆ ಪೂರ್ತಿ ಕೂರುವುದಿಲ್ಲ. ಪಿಸ್ಟನ್ ಒತ್ತಿದ ಗಾಳಿ ಅಲ್ಲಿಂದ ಸೋರುತ್ತದೆ. ತಣ್ಣಗಿದ್ದಾಗ ವಾಲ್ವ್ ಗಿಡ್ಡ, ಸರಿಯಾಗಿ ಕೂರುತ್ತದೆ, ಮಿಸ್ಸಿಂಗ್ ಇಲ್ಲ. ರೇಸ್ ಕೊಟ್ಟರೆ ಯಾಕೆ ಸರಿಹೋಗುತ್ತಿತ್ತು? 800 ಸುತ್ತಿನಲ್ಲಿ ಪಿಸ್ಟನ್ ಒಮ್ಮೆ ಮೇಲೇರಲು ಒಂದು ಸೆಕೆಂಡಿನ ಸುಮಾರು 27ನೇ ಒಂದು ಭಾಗ ಬೇಕು, 3000 ಸುತ್ತಿನಲ್ಲಿ 100ನೇ ಒಂದು ಭಾಗ ಸಾಕು. ಸೋರುವುದಕ್ಕೆ ಪುರುಸೊತ್ತೇ ಇಲ್ಲ. ನೋಟ್‌ಬುಕ್ಕಿನ ಒಂದೊಂದು ಸಾಲಿಗೂ ಇಲ್ಲಿ ಉತ್ತರ ಇತ್ತು. ತಾಳೆಯಾದ ಲೆಕ್ಕ ನೋಡಿದ ಹಾಗೆ ಖುಷಿಯಾಯಿತು.

ನನಗೆ ಗೊತ್ತೇ ಇರದಿದ್ದ ಇನ್ನೊಂದು ಸಂಗತಿ ಅವರು ಹೇಳಿದರು. ಟ್ಯಾಪೆಟ್ ಸಡಿಲವಾದರೆ ಟಿಕ್ ಟಿಕ್ ಸದ್ದು ಬರುತ್ತದೆ, ನಾವು ಹೆದರಿ ಗ್ಯಾರೇಜಿಗೆ ಓಡುತ್ತೇವೆ. ಬಿಗಿಯಾದರೆ ಸದ್ದೇ ಇಲ್ಲ, ಇಂಜಿನ್ ಎಷ್ಟು ನಿಶ್ಶಬ್ದವಾಗಿದೆ ಅಂತ ಹೆಮ್ಮೆಪಡುತ್ತೇವೆ. ವಾಲ್ವ್ ಮತ್ತು ಅದರ ಸೀಟು ಸವೆದಂತೆ ವಾಲ್ವ್ ಹೆಡ್ಡಿನೊಳಗೆ ಇಳಿಯುತ್ತಾ ಹೋಗುತ್ತದೆ, ಅದರ ಇನ್ನೊಂದು ತುದಿ ಮೇಲೇರುತ್ತದೆ, ಸಂದಿ ತಾನಾಗಿಯೇ ಕಡಿಮೆಯಾಗುತ್ತದೆ. ಎಕ್ಸಾಸ್ಟ್ ವಾಲ್ವ್ ತನ್ನ ಬಿಸಿಯನ್ನು ಬಹುಪಾಲು ಸೀಟಿಗೆ ತಾಗಿಯೇ ಕಳೆದುಕೊಳ್ಳುವುದು. ಸೀಟಿಗೆ ತಾಗದಿದ್ದರೆ ಅಂಚು ಸುಡಲು ಶುರುವಾಗುತ್ತದೆ, ಆಗ ಹೆಡ್ ಇಳಿಸದೆ ಬೇರೆ ದಾರಿಯಿಲ್ಲ. ಗ್ಯಾಸಿನಲ್ಲಿ ಓಡುವ ಗಾಡಿಯವರು ಟ್ಯಾಪೆಟ್ ಇನ್ನೂ ಬೇಗ ಬೇಗ ನೋಡಿಸಬೇಕು, ಕೆಲವು ಇಂಜಿನ್‌ಗಳಲ್ಲಿ ಸೀಟು ಬೇಗ ಸವೆಯುತ್ತದೆ. ಸಂದಿಯನ್ನು ತಾನೇ ಸರಿಮಾಡಿಕೊಳ್ಳುವ ಹೈಡ್ರಾಲಿಕ್ ಲಿಫ್ಟರ್ ಇರುವ ಇಂಜಿನ್ ಆದರೆ ಈ ಸೆಟ್ಟಿಂಗ್ ಕೆಲಸವೇ ಇರುವುದಿಲ್ಲ, ನಿಮ್ಮದು ಯಾವುದು ಅಂತ ಗಾಡಿಯ ಪುಸ್ತಕದಲ್ಲಿ ನೋಡಿಕೊಳ್ಳಿ. ಅಳತೆ ತಣ್ಣಗಿರುವಾಗ ಹಿಡಿಯಬೇಕಾ ಬಿಸಿಯಲ್ಲಾ ಅನ್ನುವುದೂ ಅದರಲ್ಲೇ ಇರುತ್ತದೆ.

ನನ್ನ ವಾಲ್ವ್ ಪುಣ್ಯಕ್ಕೆ ಸುಟ್ಟಿರಲಿಲ್ಲ. ಎಂಟೂ ಟ್ಯಾಪೆಟ್ ಸೆಟ್ ಮಾಡಿ, ಮುಚ್ಚಳಕ್ಕೆ ಹೊಸ ಗ್ಯಾಸ್ಕೆಟ್ ಹಾಕಿದರು. ಬದಲಾದ ಭಾಗ ಅಂದರೆ ಆ ಗ್ಯಾಸ್ಕೆಟ್ ಒಂದೇ. ಮತ್ತೆ ಬಿಸಿ ಮಾಡಿ ನೋಡಿದಾಗ ಮೂರನೆಯದರಲ್ಲಿ 168 ಬಂತು.

ಡೀಸೆಲ್ ಗಾಡಿ ಇರುವವರಿಗೆ ಒಂದು ಮಾತು ಹೇಳಲೇಬೇಕು. ಹಳೇ ಡೀಸೆಲ್ ಇಂಜಿನ್ನಿನಲ್ಲಿ ಇಂಜೆಕ್ಟರ್ ಪೈಪಿನ ನಟ್ ಒಂದೊಂದಾಗಿ ಸಡಿಲ ಮಾಡಿ ಸತ್ತ ಸಿಲಿಂಡರ್ ಹುಡುಕುವುದನ್ನು ನೀವು ನೋಡಿರಬಹುದು. ಕಾಮನ್ ರೈಲ್ ಇಂಜಿನ್ನಿಗೆ (ಎಲ್ಲ ಇಂಜೆಕ್ಟರಿಗೂ ಒಂದೇ ಒತ್ತಡದ ಪೈಪಿನಿಂದ ಡೀಸೆಲ್ ಹೋಗುವಂಥದ್ದಕ್ಕೆ) ಅದನ್ನು ಯಾವ ಕಾರಣಕ್ಕೂ ಮಾಡಬೇಡಿ. ಅಲ್ಲಿನ ಒತ್ತಡ 1000 ಬಾರ್ ದಾಟುತ್ತದೆ, ಸೋರುವ ಡೀಸೆಲ್ ಸೂಜಿಯ ಹಾಗೆ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಸಣ್ಣ ಚುಕ್ಕೆ ಕಾಣುತ್ತದೆ ಅಷ್ಟೇ, ಒಳಗೆ ಆಗುವ ಅನಾಹುತಕ್ಕೆ ಕೈಯನ್ನೇ ಕಳೆದುಕೊಳ್ಳಬೇಕಾಗಬಹುದು.

ಎಲ್ಲ ತಪ್ಪನ್ನೂ ಮೊದಲ ಗ್ಯಾರೇಜಿನ ಮೇಲೆ ಹೊರಿಸಲು ನನಗೆ ಮನಸ್ಸಿಲ್ಲ. ಭಾಗ ಬದಲಾಯಿಸಿದರೆ ಬಿಲ್ ಬರೆಯಬಹುದು, ಯೋಚಿಸಿದ್ದಕ್ಕೆ ಬಿಲ್ ಬರೆದರೆ ನಾವೇ ಜಗಳಕ್ಕೆ ನಿಲ್ಲುತ್ತೇವೆ. ಒಂದು ಗಂಟೆ ಗಾಡಿ ಓಡಿಸಿ, ಬಿಸಿ ಮಾಡಿ, ಕಾದು, ಅಳೆದು, ಏನೂ ಬದಲಾಯಿಸದೆ "ಇದು ಕಾಯಿಲ್ ಅಲ್ಲ" ಅಂತ ಹೇಳಿದವನಿಗೆ ಯಾರು ದುಡ್ಡು ಕೊಡುತ್ತಾರೆ? ಈ ಹಿರಿಯರು ತಪ್ಪು ಹುಡುಕಲು ಕಳೆದ ಹೊತ್ತಿಗೆ ನಾನು ಬೇರೆಯಾಗಿ ದುಡ್ಡು ಕೊಟ್ಟೆ, ಅವರು ಮೊದಲು ಬೇಡ ಅಂದರು, ಆಮೇಲೆ ತೆಗೆದುಕೊಂಡರು. ನಿಮ್ಮ ವಾಹನ ಪುಟದಲ್ಲಿ ತಿಂಗಳಿಗೊಂದು ಸಲವಾದರೂ ಇಂಥವರಿಂದ ಬರೆಸಿ, ಅಥವಾ ಅವರು ಹೇಳಿದ್ದನ್ನು ನಿಮ್ಮವರು ಬರೆದುಕೊಳ್ಳಲಿ. ಸನ್‌ರೂಫ್ ಎಲ್ಲೂ ಓಡಿಹೋಗುವುದಿಲ್ಲ.

ಇನ್ನೊಂದು ವಿಷಯ ಹೇಳದೆ ಮುಗಿಸಿದರೆ ಹೆಂಡತಿ ಬಿಡುವುದಿಲ್ಲ. ಮೊದಲ ಸಲ ಗ್ಯಾರೇಜಿನವರು ಪ್ಲಗ್ ಬದಲಾಯಿಸಿದಾಗ ಹಳೇ ನಾಲ್ಕು ಪ್ಲಗ್ಗನ್ನು ಹೊಸದರ ಡಬ್ಬಿಗಳಲ್ಲೇ ಹಾಕಿ ಕೊಟ್ಟಿದ್ದರು, ನಾನು ಡಿಕ್ಕಿಯಲ್ಲಿ ಎಸೆದಿದ್ದೆ. ಗಾಡಿ ಸರಿಯಾದ ಮೇಲೆ ಡಿಕ್ಕಿ ತೊಳೆಯುವಾಗ ಅವು ಸಿಕ್ಕವು. ಒಳ್ಳೆಯ ಉರಿ ಕಂಡ ಪ್ಲಗ್ಗಿನ ತುದಿ ತಿಳಿ ಕಂದು ಬಣ್ಣಕ್ಕೆ ಇರುತ್ತದೆ, ಉರಿ ಸರಿಯಾಗಿ ಕಾಣದ್ದು ಮಸಿ ಹಿಡಿದಿರುತ್ತದೆ. ಡಬ್ಬಿ ತೆರೆದು ನಾಲ್ಕನ್ನೂ ಸಾಲಾಗಿ ಇಟ್ಟೆ. ಮೂರು ತಿಳಿ ಕಂದು, ಒಂದು ಮಸಿ.

ಇಂತಿ,
ಹಳೇ ಗಾಡಿಯ ಒಬ್ಬ ಓದುಗ